ಹೃದಯದ ಸ್ನಾಯುವನ್ನು ಆಕರಕೋಶ ರಿಪೇರಿ ಮಾಡೀತೇ? ಪರೀಕ್ಷಿಸಿ ನೋಡಿದವರಿಗೆ ಕಂಡದ್ದೇನು?

ಅಘನಾಶಿನಿ ದಂಡೆ, ಕುಮಟಾ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಮಳೆಗಾಲದ ಆರಂಭದಲ್ಲಿ, ಗಜನಿಯಲ್ಲಿ (ಹೊಳೆದಂಡೆಯ ಉಪ್ಪುನೀರಿನ ಗದ್ದೆಯಲ್ಲಿ) ಕಗ್ಗ ಭತ್ತದ ಬಿತ್ತನೆ ಮುಗಿಸಿ ಬಂದ ರಾತ್ರಿ ನನ್ನ ಅಣ್ಣನಿಗೆ ಹೃದಯಾಘಾತವಾಯಿತು. ವಯಸ್ಸು 54. ಸಂಜೆಯೇ ಎದೆ ಉರಿ ಶುರುವಾಗಿತ್ತಂತೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಿದ್ದ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹೆದ್ದಾರಿ ಹಿಡಿದು ದಕ್ಷಿಣದ ಕಡೆಯ ದೊಡ್ಡ ಆಸ್ಪತ್ರೆಗೆ ಒಯ್ದು ಸ್ಟೆಂಟ್ ಹಾಕಿಸಿದೆವು. ಜೀವ ಉಳಿಯಿತು. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿನ ಶಕ್ತಿ, ಅಂದರೆ ಇ.ಎಫ್., ನೂರಕ್ಕೆ 34 ಬಂದಿದೆ. ಸಾಮಾನ್ಯವಾಗಿ 55ಕ್ಕಿಂತ ಮೇಲಿರಬೇಕಂತೆ.

ಈಗಿನ ಪ್ರಶ್ನೆ ಬೇರೆ. ನಗರವೊಂದರ ಚಿಕಿತ್ಸಾ ಕೇಂದ್ರದವರು ಪರಿಚಯದವರ ಮೂಲಕ ಸಂಪರ್ಕಿಸಿ, ಅಣ್ಣನ ಸೊಂಟದ ಮೂಳೆಯಿಂದಲೇ ಸ್ಟೆಮ್ ಸೆಲ್ (ಆಕರಕೋಶ, ಅಂದರೆ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶ) ತೆಗೆದು ಹೃದಯಕ್ಕೆ ಬಿಟ್ಟರೆ ಸತ್ತ ಸ್ನಾಯು ಮತ್ತೆ ಬೆಳೆಯುತ್ತದೆ ಎಂದು ಹೇಳಿದ್ದಾರೆ. ಖರ್ಚು ಆರೂವರೆ ಲಕ್ಷ. ಅಣ್ಣನ ಮಗ ತೆಂಗಿನ ಹಿತ್ತಲನ್ನು ಅಡವಿಡಲು ತಯಾರಾಗಿ ನಿಂತಿದ್ದಾನೆ. ಅವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಗುಣವಾದವರ ಭಾವಚಿತ್ರಗಳಿವೆ, ಪರೀಕ್ಷೆಯ ವಿವರ ಮಾತ್ರ ಎಲ್ಲಿಯೂ ಇಲ್ಲ. ಇದನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಿ ನೋಡಿದ್ದಾರೆಯೇ? ನೋಡಿದ್ದರೆ ಹೇಗೆ ನೋಡಿದರು, ಏನು ಕಂಡಿತು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಉದ್ದವಾದರೂ ಓದುತ್ತೇನೆ.

ನಿವೃತ್ತ ಅಕ್ಕೋರು, ಶಿರಸಿ:

ತಮ್ಮಾ, ಮೊದಲು ಅಣ್ಣನ ಜೀವ ಉಳಿದದ್ದು ದೊಡ್ಡದು. ನಾನು ವೈದ್ಯೆಯಲ್ಲ, ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ನನಗೆ ಗೊತ್ತಿರುವುದನ್ನು ಬುಡದಿಂದ ಹೇಳುತ್ತೇನೆ.

ಹೃದಯದ ಎಡ ಕೆಳಕೋಣೆಯಲ್ಲಿ ಸುಮಾರು 200ರಿಂದ 400 ಕೋಟಿ ಸ್ನಾಯುಕೋಶಗಳಿರುತ್ತವೆ. ದೊಡ್ಡ ಹೃದಯಾಘಾತವೊಂದರಲ್ಲಿ ಅವುಗಳ ಪೈಕಿ ನೂರು ಕೋಟಿಯವರೆಗೆ ಕೆಲವೇ ತಾಸುಗಳಲ್ಲಿ ಸತ್ತುಹೋಗಬಹುದು. ಚರ್ಮ ಗಾಯವಾದರೆ ಹೊಸ ಚರ್ಮ ಬರುತ್ತದೆ, ಯಕೃತ್ತಿನ ತುಂಡು ತೆಗೆದರೆ ಉಳಿದದ್ದು ಬೆಳೆದುಕೊಳ್ಳುತ್ತದೆ. ಹೃದಯದಲ್ಲಿ ಮಾತ್ರ ಸತ್ತ ಜಾಗಕ್ಕೆ ಗಾಯದ ಕಲೆ ಬಂದು ಕೂರುತ್ತದೆ. ಆ ಕಲೆ ಗೋಡೆ ಒಡೆಯದಂತೆ ಹಿಡಿದುಕೊಳ್ಳುತ್ತದೆ, ಆದರೆ ಮಿಡಿಯುವುದಿಲ್ಲ.

ಹಾಗಾದರೆ ಹೃದಯದಲ್ಲಿ ಹೊಸ ಸ್ನಾಯುಕೋಶ ಹುಟ್ಟುವುದೇ ಇಲ್ಲವೇ? ಈ ಪ್ರಶ್ನೆಗೆ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ಅವರ ತಂಡ ಉತ್ತರ ಕಂಡುಕೊಂಡ ಬಗೆ ನನಗೆ ಬಹಳ ಇಷ್ಟ. ಐವತ್ತರ ದಶಕದಿಂದ 1963ರ ಒಪ್ಪಂದದವರೆಗೆ ಬಲಾಢ್ಯ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ನೋಡುತ್ತಿದ್ದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಏರಿ, ಬಳಿಕ ಮೆಲ್ಲಗೆ ಇಳಿಯಿತು. ಕೋಶವೊಂದು ಹುಟ್ಟಿದ ವರ್ಷ ಗಾಳಿಯಲ್ಲಿ ಎಷ್ಟಿತ್ತೋ ಅಷ್ಟು ಅದರ ಡಿಎನ್‌ಎಯಲ್ಲಿ ಅಚ್ಚಾಗಿ ಉಳಿಯುತ್ತದೆ. (ಕೈಗಾ ಅಣುವಿದ್ಯುತ್ ಸ್ಥಾವರದ ಪಕ್ಕದಲ್ಲಿರುವ ನಾವು ಇಂಥ ಮಾತು ಕೇಳಿದೊಡನೆ ಕಿವಿ ನಿಮಿರಿಸುತ್ತೇವೆ, ಇದಕ್ಕೂ ಸ್ಥಾವರಕ್ಕೂ ಸಂಬಂಧವಿಲ್ಲ, ಜಗತ್ತಿನ ಎಲ್ಲರ ಮೈಯಲ್ಲೂ ಆ ಅಚ್ಚಿದೆ.) ಆ ಅಚ್ಚನ್ನು ಓದಿ 2009ರಲ್ಲಿ ಅವರು ಹೇಳಿದ್ದಿಷ್ಟು: 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಒಂದು ಹೃದಯ ಸ್ನಾಯುಕೋಶ ಹೊಸದಾಗುತ್ತದೆ, 75ರ ಹೊತ್ತಿಗೆ ಅದು 0.45ಕ್ಕೆ ಇಳಿಯುತ್ತದೆ. ಹುಟ್ಟುತ್ತವೆ, ನಿಜ. ಆದರೆ ಒಂದು ರಾತ್ರಿಯಲ್ಲಿ ಹೋದದ್ದನ್ನು ತುಂಬಲು ಆ ವೇಗ ಏನೇನೂ ಸಾಲದು.

ಹೊರಗಿನಿಂದ ಕೋಶ ತಂದು ನೆಡುವ ಆಸೆ ಹುಟ್ಟಿದ್ದು ಇಲ್ಲಿಂದ. ಮೂಳೆಮಜ್ಜೆಯ ಆಕರಕೋಶಗಳು ರಕ್ತದ ಎಲ್ಲ ಬಗೆಯ ಕೋಶಗಳನ್ನೂ ಹುಟ್ಟಿಸುತ್ತವೆ. ರಕ್ತದ ಕ್ಯಾನ್ಸರಿಗೆ ಮಜ್ಜೆಯ ಕಸಿ ದಶಕಗಳಿಂದ ನಡೆಯುತ್ತಿದೆ, ಅದರ ಫಲದ ಬಗ್ಗೆ ಸಂಶಯವಿಲ್ಲ. 2001ರಲ್ಲಿ ಡೊನಾಲ್ಡ್ ಓರ್ಲಿಕ್, ಪಿಯೆರೊ ಅನ್ವೆರ್ಸ ಮತ್ತು ಸಂಗಡಿಗರು, ಇಲಿಯ ಗಾಯಗೊಂಡ ಹೃದಯಕ್ಕೆ ಮಜ್ಜೆಯ ಆಯ್ದ ಕೋಶಗಳನ್ನು ಚುಚ್ಚಿದಾಗ ಹೊಸ ಸ್ನಾಯು ಬೆಳೆಯಿತು ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸುದ್ದಿ ಹಬ್ಬಿದ್ದು ಕಾಡಿನ ಬೆಂಕಿಯ ಹಾಗೆ. ಮೂರು ವರ್ಷಗಳ ಬಳಿಕ, 2004ರಲ್ಲಿ, ಅದೇ ಪತ್ರಿಕೆಯಲ್ಲಿ ಎರಡು ಬೇರೆ ತಂಡಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿ ವರದಿ ಕೊಟ್ಟವು. ಕೋಶಗಳಿಗೆ ಅಳಿಸಲಾಗದ ಗುರುತು ಹಾಕಿ ಬಿಟ್ಟು, ಅವು ಏನಾದವೆಂದು ಹಿಂಬಾಲಿಸಿದಾಗ ಅವು ರಕ್ತದ ಕೋಶಗಳೇ ಆಗಿ ಉಳಿದಿದ್ದವು. ಹೃದಯ ಸ್ನಾಯು ಆಗಿರಲಿಲ್ಲ.

ಆದರೆ ಅಷ್ಟರಲ್ಲಿ ಮನುಷ್ಯರ ಮೇಲಿನ ಪ್ರಯೋಗ ಶುರುವಾಗಿಬಿಟ್ಟಿತ್ತು.

ಲೆಕ್ಕದ ಪುಸ್ತಕ, ಹೊನ್ನಾವರ:

ಅಕ್ಕೋರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಔಷಧ ಪ್ರಯೋಗಗಳ ಅಂಕಿ-ಅಂಶ ನೋಡುವುದು ನನ್ನ ಹೊಟ್ಟೆಪಾಡಾಗಿತ್ತು.

ಮೊದಲ ಪ್ರಯತ್ನದಲ್ಲಿ ಮಜ್ಜೆಯ ಕೋಶ ಬಳಸಿರಲಿಲ್ಲ. ಪ್ಯಾರಿಸ್ಸಿನ ಫಿಲಿಪ್ ಮೆನಾಶೆ 2000ದ ಜೂನ್‌ನಲ್ಲಿ ರೋಗಿಯ ತೊಡೆಯ ಸ್ನಾಯುವಿನಿಂದ ಎಳೆಯ ಕೋಶ ಬೆಳೆಸಿ ಹೃದಯಕ್ಕೆ ನೆಟ್ಟರು. ಬಳಿಕ 97 ಜನರ ಮೇಲೆ ಹೋಲಿಕೆಯ ಪರೀಕ್ಷೆ ನಡೆಸಿ 2008ರಲ್ಲಿ ಫಲಿತಾಂಶ ಕೊಟ್ಟಾಗ ಹೃದಯದ ಶಕ್ತಿ ಸುಧಾರಿಸಿರಲಿಲ್ಲ, ಬಡಿತದ ಲಯ ತಪ್ಪುವ ಘಟನೆಗಳು ಮಾತ್ರ ಕೋಶ ಪಡೆದವರಲ್ಲಿ ಹೆಚ್ಚು ಕಂಡಿದ್ದವು. ತೊಡೆಯ ಸ್ನಾಯು ತೊಡೆಯದ್ದೇ ಆಗಿ ಉಳಿಯಿತು. ಸುತ್ತಲಿನ ಹೃದಯ ಕೋಶಗಳೊಡನೆ ವಿದ್ಯುತ್ತಿನ ಸಂಪರ್ಕ ಬೆಸೆದುಕೊಳ್ಳಲಿಲ್ಲ. ಆ ವೈದ್ಯರೇ ಅದನ್ನು ಪ್ರಕಟಿಸಿದರು ಎಂಬುದನ್ನು ಗೌರವದಿಂದ ಹೇಳಬೇಕು.

ಮಜ್ಜೆಯ ಕೋಶಗಳನ್ನು ಹೃದಯದ ರಕ್ತನಾಳಕ್ಕೆ ಬಿಡುವುದು 2001ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ ಶುರುವಾಯಿತು. ಹ್ಯಾನೋವರಿನ 'ಬೂಸ್ಟ್' ಪರೀಕ್ಷೆ 60 ಜನರ ಮೇಲೆ ನಡೆಯಿತು. ಆರು ತಿಂಗಳಿಗೆ, ಕೋಶ ಪಡೆದವರ ಇ.ಎಫ್. 6.7 ಅಂಶ ಏರಿತು, ಪಡೆಯದವರದ್ದು 0.7. ಎಲ್ಲರೂ ಕುಣಿದಾಡುವಂಥ ಫಲ. ಆದರೆ 18 ತಿಂಗಳಿಗೆ ಅದೇ ಜನರನ್ನು ಮತ್ತೆ ಅಳೆದಾಗ ಪಡೆಯದವರೂ ಬಹುಮಟ್ಟಿಗೆ ಹಿಂದಿನಿಂದ ಬಂದು ಸೇರಿಕೊಂಡಿದ್ದರು. ನಡುವಿನ ಅಂತರವನ್ನು ಕಾಕತಾಳೀಯಕ್ಕಿಂತ ಬೇರೆ ಎಂದು ಹೇಳುವಂತಿರಲಿಲ್ಲ.

2006ರ ಸೆಪ್ಟೆಂಬರಿನಲ್ಲಿ ಒಂದು ವಿಚಿತ್ರ ನಡೆಯಿತು. ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಎರಡು ಪರೀಕ್ಷೆಗಳು ಅಕ್ಕಪಕ್ಕದಲ್ಲಿ ಬಂದವು. 204 ಜನರ 'ರಿಪೇರ್' ಪರೀಕ್ಷೆಯಲ್ಲಿ ಇ.ಎಫ್. ಏರಿಕೆ ಕೋಶ ಪಡೆದವರಲ್ಲಿ 5.5, ಪಡೆಯದವರಲ್ಲಿ 3.0, ಅಂದರೆ ಎರಡೂವರೆ ಅಂಶದ ಲಾಭ. ನಾರ್ವೆಯ 100 ಜನರ ಪರೀಕ್ಷೆಯಲ್ಲಿ ಲಾಭವೇ ಇಲ್ಲ. ಹೆಚ್ಚುಕಡಿಮೆ ಅದೇ ಕೋಶ, ಅದೇ ಕಾಯಿಲೆ, ಎರಡು ಉತ್ತರ.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ದೊಡ್ಡ ಪರೀಕ್ಷೆ, ಮತ್ತು ಇ.ಎಫ್. ಎಂಬ ಅಂಕಿಯನ್ನು ಬಿಟ್ಟು ಸಾವನ್ನೇ ಎಣಿಸುವ ಪರೀಕ್ಷೆ. ಯುರೋಪಿನ 'ಬಾಮಿ' ಅದಕ್ಕಾಗಿಯೇ ಹೊರಟಿತು. 3000 ಜನರನ್ನು ಸೇರಿಸಬೇಕೆಂದಿತ್ತು, ಸಿಕ್ಕವರು 375. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಎರಡು ವರ್ಷಗಳಲ್ಲಿ ಸತ್ತವರ ಪ್ರಮಾಣ ಕೋಶ ಪಡೆದವರಲ್ಲಿ ನೂರಕ್ಕೆ 3.26, ಪಡೆಯದವರಲ್ಲಿ 3.82. ಇಷ್ಟು ಕಡಿಮೆ ಜನರಲ್ಲಿ ಈ ಅಂತರಕ್ಕೆ ಅರ್ಥ ಕಟ್ಟಲಾಗದು. ಎರಡೂ ಕಡೆ ಸಾವು ಇಷ್ಟು ಕಡಿಮೆಯಾದದ್ದು ಸ್ಟೆಂಟ್ ಮತ್ತು ಮಾತ್ರೆಗಳಿಂದ. ಹೊಸ ಚಿಕಿತ್ಸೆಗೆ ತನ್ನ ಗುಣ ತೋರಿಸಲು ಜಾಗವೇ ಉಳಿಯದಷ್ಟು ಹಳೆಯ ಚಿಕಿತ್ಸೆ ಸುಧಾರಿಸಿಬಿಟ್ಟಿತ್ತು.

ಬಾಳೆಕೊನೆ, ಸಿದ್ದಾಪುರ:

ಎಲ್ಲರೂ ಪರದೇಶದ ಪತ್ರಿಕೆಗಳನ್ನೇ ಉದ್ಧರಿಸುತ್ತಿದ್ದೀರಿ. ನಮ್ಮ ಭಾವನಿಗೆ ಮೂರು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ ಎರಡು ವಾರಕ್ಕೇ ಈ ಚಿಕಿತ್ಸೆ ಮಾಡಿಸಿದೆವು. ಆಗ ಇ.ಎಫ್. 30 ಇತ್ತು. ಆರು ತಿಂಗಳಿಗೆ 42 ಆಯಿತು. ಈಗ ತೋಟಕ್ಕೆ ಇಳಿದು ಹತ್ತುತ್ತಾರೆ. ಕಣ್ಣಾರೆ ಕಂಡದ್ದನ್ನು ನಾನು ಹೇಗೆ ಅಲ್ಲಗಳೆಯಲಿ? ಅವರದ್ದೇ ಮೈಯ ಕೋಶ, ಅಪಾಯವೂ ಇಲ್ಲ. ದುಡ್ಡಿದ್ದವರು ಮಾಡಿಸಿಕೊಂಡರೆ ತಡೆಯುವುದೇಕೆ?

ಕೊಟ್ಟೆ ಕಟ್ಟಿದವ, ಶಿರಸಿ ತಾಲ್ಲೂಕು:

ಬಾಳೆಕೊನೆಯವರೇ, ನಿಮ್ಮ ಭಾವ ಚೆನ್ನಾಗಿರುವುದು ಸಂತೋಷ, ಮತ್ತು ನೀವು ಹೇಳಿದ ಅಂಕಿಯನ್ನು ನಾನು ಪೂರ್ತಿ ನಂಬುತ್ತೇನೆ. ಅಂಕಿ ಏರಿದ್ದು ಯಾವುದರಿಂದ ಎಂಬುದಷ್ಟೇ ಪ್ರಶ್ನೆ. ನಾನು ಅಡಿಕೆ ಬೆಳೆಗಾರ, ನನಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಗೆ ಒಬ್ಬರು ಕೊಳೆರೋಗಕ್ಕೆ ಹೊಸ ಔಷಧ ತಂದರು. ಬೋರ್ಡೋ ದ್ರಾವಣವೂ ಬೇಡ, ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೂ ಬೇಡ ಎಂದರು. ಹೊಡೆಸಿದೆವು. ಆ ವರ್ಷ ಕೊಳೆ ಬಹಳ ಕಡಿಮೆ. ಊರಿಗೆ ಊರೇ ಹೊಗಳಿತು. ಆಷಾಢದಲ್ಲಿ ಮಳೆ ಎಡೆಬಿಟ್ಟು ಬಂದಿತ್ತು, ಬಿಸಿಲು ಬಿದ್ದಿತ್ತು, ಔಷಧ ಹೊಡೆಯದ ತೋಟದಲ್ಲೂ ಕೊಳೆ ಇರಲಿಲ್ಲ ಎಂಬುದನ್ನು ಯಾರೂ ಹೋಗಿ ನೋಡಲಿಲ್ಲ. ಮರುವರ್ಷ ಎಡೆಬಿಡದೆ ಹೊಯ್ದಾಗ ಕಾಯಿ ಉದುರಿ ಅಂಗಳದಲ್ಲಿ ಹಾಸಿತು.

ಸರಿಯಾಗಿ ನೋಡಬೇಕಾದರೆ ಒಂದೇ ತೋಟದಲ್ಲಿ ಕೆಲವು ಸಾಲಿಗೆ ಹೊಡೆಯಬೇಕು, ಕೆಲವಕ್ಕೆ ಬಿಡಬೇಕು. ಯಾವ ಸಾಲಿಗೆ ಎಂಬುದನ್ನು ನಾವು ಆರಿಸಬಾರದು, ಚೀಟಿ ಎತ್ತಬೇಕು. ಇಲ್ಲದಿದ್ದರೆ ಗೊತ್ತಿಲ್ಲದೆಯೇ ಬಿಸಿಲು ಬೀಳುವ ಮೇಲಿನ ಸಾಲಿಗೆ ಔಷಧ ಹೋಗಿ, ನೀರು ನಿಲ್ಲುವ ತಗ್ಗು ಹಾಗೆಯೇ ಉಳಿಯುತ್ತದೆ. ಕೊನೆಗೆ ಮರ ಹತ್ತಿ ಕೊಳೆತ ಕಾಯಿ ಎಣಿಸುವ ಕೊನೆಗೌಡನಿಗೆ ಯಾವ ಮರಕ್ಕೆ ಹೊಡೆದದ್ದು ಎಂದು ತಿಳಿದಿರಬಾರದು. ತಿಳಿದರೆ ಅರೆಬರೆ ಕಲೆಯಿರುವ ಕಾಯಿಯನ್ನು ಯಜಮಾನರಿಗೆ ಖುಷಿಯಾಗುವ ಕಡೆಗೆ ಎಣಿಸಿಬಿಡುತ್ತಾನೆ. ಮನುಷ್ಯರ ಮೇಲಿನ ಪರೀಕ್ಷೆಗೂ ಇವೇ ಮೂರು ನಿಯಮ ಎಂದು ನಾನು ತಿಳಿದಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ಕಾಳಿ ಸಂಗಮ, ಕಾರವಾರ:

ತಪ್ಪಿಲ್ಲ. ನಾನು ಹತ್ತು ವರ್ಷ ಬೇರೆ ಊರಿನ ಕ್ಯಾಥ್ ಲ್ಯಾಬಿನಲ್ಲಿ (ಸ್ಟೆಂಟ್ ಹಾಕುವ ಕೊಠಡಿ) ಸಿಸ್ಟರ್ ಆಗಿದ್ದವಳು. ಬಾಳೆಕೊನೆಯವರ ಭಾವನ ಅಂಕಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಹೃದಯಾಘಾತದಲ್ಲಿ ಕೆಲವು ಸ್ನಾಯು ಸಾಯುತ್ತದೆ, ಅದರ ಸುತ್ತಲಿನ ಇನ್ನಷ್ಟು ಸ್ನಾಯು ಸಾಯದೆ ಮರಗಟ್ಟಿದಂತೆ ಕೆಲಸ ನಿಲ್ಲಿಸಿರುತ್ತದೆ. ಸ್ಟೆಂಟಿನಿಂದ ರಕ್ತ ಹರಿಯತೊಡಗಿದ ಮೇಲೆ, ವಾರಗಳಲ್ಲೋ ತಿಂಗಳುಗಳಲ್ಲೋ, ಅದು ತಾನಾಗಿಯೇ ಎಚ್ಚರಗೊಳ್ಳುತ್ತದೆ. ನಾರ್ವೆಯ ಪರೀಕ್ಷೆಯಲ್ಲಿ ಕೋಶ ಪಡೆಯದವರ ಇ.ಎಫ್. ಸಹ ಚೆನ್ನಾಗಿಯೇ ಏರಿತ್ತು. ಬಡಿತದ ಲಯ ತಪ್ಪಿದರೆ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರವನ್ನು ಎದೆಗೆ ಅಳವಡಿಸಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲು ವೈದ್ಯರು ಸಾಮಾನ್ಯವಾಗಿ ಆಘಾತವಾಗಿ 40 ದಿನ, ಸ್ಟೆಂಟ್ ಹಾಕಿದ್ದರೆ ಮೂರು ತಿಂಗಳು ಕಾದು ಮತ್ತೆ ಎಕೋ ಮಾಡಿಸುವುದೂ ಇದೇ ಕಾರಣಕ್ಕೆ. ಆಸ್ಪತ್ರೆಯಲ್ಲಿ ಬರೆದ ಮೊದಲ ಅಂಕಿ ಕೊನೆಯ ಅಂಕಿಯಲ್ಲ. ಇನ್ನೊಂದು, ಎಕೋದಲ್ಲಿ ಇ.ಎಫ್. ಅಳೆಯುವುದು ತಕ್ಕಡಿಯಲ್ಲಿ ಅಕ್ಕಿ ತೂಗಿದಷ್ಟು ಖಚಿತವಲ್ಲ. ಒಬ್ಬರು 35 ಎಂದದ್ದನ್ನು ಇನ್ನೊಬ್ಬರು ಅದೇ ದಿನ 40 ಎನ್ನಬಹುದು. ಎರಡೂವರೆ ಅಂಶದ ಲಾಭವನ್ನು ಹುಡುಕುವವರಿಗೆ ಇದು ಎಷ್ಟು ದೊಡ್ಡ ತೊಡಕು ಎಂದು ಯೋಚಿಸಿ. ಅದಕ್ಕಾಗಿಯೇ ಒಳ್ಳೆಯ ಪರೀಕ್ಷೆಗಳಲ್ಲಿ ಎಂಆರ್‌ಐ ಬಳಸುತ್ತಾರೆ, ಮತ್ತು ಚಿತ್ರ ಓದುವವರಿಗೆ ರೋಗಿ ಯಾವ ಗುಂಪಿನವರೆಂದು ಹೇಳುವುದಿಲ್ಲ.

ಗುಟ್ಟು ಕಾಯುವುದು ಔಷಧದ ಮಾತ್ರೆಯಲ್ಲಿ ಸುಲಭ, ಇಲ್ಲಿ ಕಷ್ಟ. ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಬೇಕು. ಚುಚ್ಚಿಸಿಕೊಂಡವರಿಗೆ ವಾರದವರೆಗೆ ಆ ನೋವೇ ನೆನಪು ಮಾಡಿಕೊಡುತ್ತದೆ. 204 ಜನರ ಆ ಜರ್ಮನ್ 'ರಿಪೇರ್' ಪರೀಕ್ಷೆಯಲ್ಲಿ ಎಲ್ಲರಿಂದಲೂ 50 ಮಿಲಿಲೀಟರ್ ಮಜ್ಜೆ ತೆಗೆದು, ಅರ್ಧ ಜನರಿಗೆ ಕೋಶವಿಲ್ಲದ ದ್ರವವನ್ನು ಬಿಟ್ಟಿದ್ದರು. 60 ಜನರ ಬೂಸ್ಟ್‌ನಲ್ಲಿ ಹಾಗೆ ಮಾಡಿರಲಿಲ್ಲ. ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ ಎಂದು ರೋಗಿಗಳಿಗೆ ಗೊತ್ತಿತ್ತು. ಗುಟ್ಟು ಕಾಯದ ಪರೀಕ್ಷೆಯಲ್ಲಿ ಫಲ ದೊಡ್ಡದಾಗಿ ಕಂಡದ್ದನ್ನು ಓದಿದಾಗ ನನಗೆ ಕೊನೆಗೌಡನ ಮಾತೇ ನೆನಪಾಯಿತು.

ಬಿಟ್ಟ ಕೋಶಗಳು ಎಲ್ಲಿ ಹೋಗುತ್ತವೆ ಎಂಬುದನ್ನೂ ನೋಡಿದವರಿದ್ದಾರೆ. ಹ್ಯಾನೋವರಿನವರೇ 2005ರಲ್ಲಿ ಕೋಶಗಳಿಗೆ ವಿಕಿರಣದ ಗುರುತು ಹಾಕಿ ಬಿಟ್ಟು, ತಾಸೊಂದರ ನಂತರ ಸ್ಕ್ಯಾನ್ ಮಾಡಿದರು. ಆಯ್ಕೆ ಮಾಡದ ಮಜ್ಜೆಯ ಕೋಶಗಳಲ್ಲಿ ಹೃದಯದಲ್ಲಿ ಉಳಿದದ್ದು ನೂರಕ್ಕೆ 1.3ರಿಂದ 2.6. ಉಳಿದವು ಮುಖ್ಯವಾಗಿ ಯಕೃತ್ತು ಮತ್ತು ಗುಲ್ಮ ಸೇರಿದ್ದವು.

ಅಘನಾಶಿನಿ ದಂಡೆ:

ಸಿಸ್ಟರ್, ಇದನ್ನು ಓದಿ ಗಜನಿಯೇ ಕಣ್ಣ ಮುಂದೆ ಬಂತು. ಕಟ್ಟು ಒಡೆದ ಗದ್ದೆಗೆ ಮೊಳಕೆ ಬೀಜ ಚೆಲ್ಲಿದರೆ ಇಳಿತದ ನೀರಿನೊಡನೆ ಹೊಳೆಗೆ ಹೋಗುತ್ತದೆ. ನಾಲ್ಕು ಕಾಳು ಉಳಿದರೆ ಅದನ್ನು ಬೆಳೆ ಎನ್ನುವುದಿಲ್ಲ.

ಆದರೆ ಒಂದು ಸಂಶಯ ಉಳಿಯಿತು. ಕೋಶ ಸ್ನಾಯು ಆಗುವುದಿಲ್ಲ, ಹೃದಯದಲ್ಲಿ ನಿಲ್ಲುವುದೂ ಇಲ್ಲ ಎಂದಾದರೆ ಅಷ್ಟೊಂದು ಪರೀಕ್ಷೆಗಳಲ್ಲಿ ಫಲ ಕಂಡದ್ದು ಹೇಗೆ? ಎಲ್ಲರೂ ಸುಳ್ಳು ಬರೆದರೇ?

ಲೆಕ್ಕದ ಪುಸ್ತಕ:

ಎಲ್ಲರೂ ಅಲ್ಲ. ಈ ಪ್ರಶ್ನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡ್ಯಾರೆಲ್ ಫ್ರಾನ್ಸಿಸ್ ಮತ್ತು ಸಂಗಡಿಗರು 2014ರಲ್ಲಿ ಕೊಟ್ಟ ಉತ್ತರವನ್ನು ನಾನು ಹೊಸಬರಿಗೆ ಕೆಲಸ ಕಲಿಸುವಾಗ ಯಾವಾಗಲೂ ಹೇಳುತ್ತಿದ್ದೆ. ಅವರು ಹೊಸ ಪ್ರಯೋಗ ಮಾಡಲಿಲ್ಲ. ಮಜ್ಜೆಕೋಶದ 49 ಪರೀಕ್ಷೆಗಳ 133 ವರದಿಗಳನ್ನು ಮುಂದಿಟ್ಟುಕೊಂಡು ತಾಳೆ ನೋಡಿದರು, ಅಷ್ಟೇ. ಒಂದು ಪುಟದಲ್ಲಿ ಇಷ್ಟು ರೋಗಿಗಳು ಎಂದಿದ್ದು ಮತ್ತೊಂದರಲ್ಲಿ ಬೇರೆ ಸಂಖ್ಯೆ ಇದೆಯೇ, ಕೋಷ್ಟಕದ ಮೊತ್ತ ಕೂಡುತ್ತದೆಯೇ, ಚೀಟಿ ಎತ್ತಿ ಹಂಚಿದೆವು ಎಂದವರು ಇನ್ನೊಂದು ಕಡೆ ಬೇರೆ ಮಾತು ಬರೆದಿದ್ದಾರೆಯೇ ಎಂಬಂಥ, ಅಂಗಡಿಯ ಕಿರ್ದಿ ತಪಾಸಣೆಯ ಕೆಲಸ. 600ಕ್ಕೂ ಹೆಚ್ಚು ಹೊಂದಾಣಿಕೆಯಾಗದ ಸಂಗತಿಗಳು ಸಿಕ್ಕವು. ಬಳಿಕ ಆ ತಪ್ಪುಗಳ ಎಣಿಕೆಯನ್ನು ಚಿಕಿತ್ಸೆಯ ಫಲದ ಪಕ್ಕದಲ್ಲಿ ಇಟ್ಟು ನೋಡಿದರು. ಒಂದೂ ತಪ್ಪು ಸಿಗದ ಐದು ಪರೀಕ್ಷೆಗಳಲ್ಲಿ ಇ.ಎಫ್. ಲಾಭ ಸರಾಸರಿ ಸೊನ್ನೆಗಿಂತ ಕೆಳಗೆ, ಮೈನಸ್ 0.4. ಮೂವತ್ತಕ್ಕಿಂತ ಹೆಚ್ಚು ತಪ್ಪಿದ್ದವುಗಳಲ್ಲಿ 7.7. ನಡುವಿನವು ನಡುವೆ. ಕಿರ್ದಿ ಎಷ್ಟು ಕೊಳಕೋ ಅಂಗಡಿಗೆ ಅಷ್ಟು ಲಾಭ!

ಈ ತಪ್ಪುಗಳಲ್ಲಿ ಹೆಚ್ಚಿನವು ಮೋಸ ಎಂದು ನಾನು ಹೇಳಲಾರೆ. ಕೆಲಸದಲ್ಲಿ ಸಡಿಲಿದ್ದವರು ಲೆಕ್ಕದಲ್ಲೂ ಸಡಿಲಿರುತ್ತಾರೆ, ಸಡಿಲಿದ್ದಲ್ಲಿ ಆಸೆ ಒಳಗೆ ನುಗ್ಗುತ್ತದೆ. ಆದರೆ ನಿಜವಾದ ಕಪ್ಪುಚುಕ್ಕೆಯೂ ಇದೆ. ಅಕ್ಕೋರು ಹೇಳಿದ 2001ರ ಇಲಿಯ ಪ್ರಯೋಗದ ಅನ್ವೆರ್ಸ, ಹೃದಯದೊಳಗೇ ಆಕರಕೋಶಗಳಿವೆ ಎಂದು ಮುಂದೆ ವಾದಿಸಿ ದೊಡ್ಡ ಶಾಖೆಯನ್ನೇ ಕಟ್ಟಿದ್ದರು. ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕೆಂದು ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಆಸ್ಪತ್ರೆ 2018ರಲ್ಲಿ ಶಿಫಾರಸು ಮಾಡಿದವು. ಆ ವಾದದ ಮೇಲೆ ನಿಂತ 'ಸಿಪಿಯೊ' ಎಂಬ ಪರೀಕ್ಷೆಯ 2011ರ ವರದಿಯನ್ನು 'ಲ್ಯಾನ್ಸೆಟ್' ಪತ್ರಿಕೆ 2019ರಲ್ಲಿ ಹಿಂತೆಗೆದುಕೊಂಡಿತು. ಈ ನಡುವೆ ರೋಗಿಗಳು ಮೈಯೊಡ್ಡಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ನಿವೃತ್ತ ಅಕ್ಕೋರು:

ಇದಕ್ಕೆ ಒಂದು ಸೇರಿಕೆ. ಇಲಿಗಳಲ್ಲಿ ಅಲ್ಪಸ್ವಲ್ಪ ಸುಧಾರಣೆ ಹಲವು ಪ್ರಾಮಾಣಿಕ ತಂಡಗಳಿಗೂ ಕಂಡದ್ದು ಹೇಗೆಂದು ನನಗೂ ಬಹಳ ದಿನ ಅರ್ಥವಾಗಿರಲಿಲ್ಲ. ಸಿನ್ಸಿನಾಟಿಯ ಜೆಫ್ರಿ ಮೋಲ್ಕೆಂಟಿನ್ ಅವರ ತಂಡ 2019ರ ಕೊನೆಯಲ್ಲಿ ಒಂದು ಚುರುಕಾದ ಪರೀಕ್ಷೆ ಮಾಡಿತು. ಕೆಲವು ಇಲಿಗಳಿಗೆ ಜೀವಂತ ಕೋಶಗಳನ್ನು, ಕೆಲವಕ್ಕೆ ಕೊಂದ ಕೋಶಗಳನ್ನು ಚುಚ್ಚಿದರು. ಕೋಶವೇ ಅಲ್ಲದ, ಉರಿಯೂತ ಎಬ್ಬಿಸುವ ಒಂದು ರಾಸಾಯನಿಕವನ್ನೂ ಚುಚ್ಚಿದರು. ಮೂರೂ ಸಂದರ್ಭಗಳಲ್ಲಿ ಇಲಿಯ ಹೃದಯ ಸ್ವಲ್ಪ ಸುಧಾರಿಸಿತು. ದೇಹದ ರಕ್ಷಕ ಕೋಶಗಳು ಆ ಜಾಗಕ್ಕೆ ಧಾವಿಸಿ ಬಂದು ಗಾಯದ ಕಲೆಯ ಗುಣವನ್ನು ಬದಲಿಸುತ್ತವೆ, ಹೊಸ ಸ್ನಾಯು ಮಾತ್ರ ಹುಟ್ಟುವುದಿಲ್ಲ ಎಂಬುದು ಅವರ ತೀರ್ಮಾನ. ಇಪ್ಪತ್ತು ವರ್ಷ 'ಯಾವ ಕೋಶ' ಎಂದು ಜಗಳವಾಡಿದವರ ನಡುವೆ 'ಸತ್ತ ಕೋಶವಾದರೂ ಆದೀತೇ' ಎಂದು ಕೇಳಿದವರು ಬಹಳ ಕಡಿಮೆ. ಹೋಲಿಕೆಗೆ ಎದುರಿಗೆ ಏನನ್ನು ಇಡುತ್ತೇವೆ ಎಂಬುದರ ಮೇಲೆಯೇ ಪರೀಕ್ಷೆಯ ಬೆಲೆ ನಿಂತಿದೆ.

ಬಾಳೆಕೊನೆ:

ಒಪ್ಪುತ್ತೇನೆ, ಭಾವನ ಅಂಕಿ ಸ್ಟೆಂಟ್‌ನಿಂದಲೂ ಏರಿರಬಹುದು. ಮನೆಯಲ್ಲಿ ಈ ಮಾತು ಎತ್ತುವ ಧೈರ್ಯ ನನಗಿಲ್ಲ, ನಾಲ್ಕು ಲಕ್ಷ ಕೊಟ್ಟದ್ದು ನನ್ನ ಅಕ್ಕ. ಆದರೂ ಕೇಳುತ್ತೇನೆ: ಪ್ರಯೋಜನ ಇಲ್ಲದಿದ್ದರೆ ಸರಕಾರ ಇದನ್ನು ಹೇಗೆ ಬಿಟ್ಟಿದೆ?

ಕಾಳಿ ಸಂಗಮ:

ಬಿಟ್ಟಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಆಕರಕೋಶವನ್ನು ಚಿಕಿತ್ಸೆಯಾಗಿ ಕೊಡಬಹುದಾದದ್ದು ರಕ್ತಸಂಬಂಧಿ ಕಾಯಿಲೆಗಳ ಮಜ್ಜೆ ಕಸಿಯಂಥ ಒಪ್ಪಿತ ಸಂದರ್ಭಗಳಲ್ಲಿ ಮಾತ್ರ. ಹೃದಯವೂ ಸೇರಿದಂತೆ ಮಿಕ್ಕದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಪ್ರಯೋಗದೊಳಗೇ ನಡೆಯಬೇಕು. ಪ್ರಯೋಗವೆಂದ ಮೇಲೆ ರೋಗಿಯಿಂದ ಅದಕ್ಕೆ ಹಣ ಪಡೆಯುವಂತಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪುಸ್ತಕದಲ್ಲಿ ಮೊದಲ ರೋಗಿ ಸೇರುವ ಮುನ್ನವೇ ದಾಖಲಾಗಿರಬೇಕು. ಈ ನೋಂದಣಿ 2009ರ ಜೂನ್‌ನಿಂದ ಕಡ್ಡಾಯ. ಅದು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾದ ಪಟ್ಟಿ.

ಕುಮಟಾದವರೇ, ಆ ಕೇಂದ್ರದವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಸಂಖ್ಯೆ ಇದ್ದರೆ ಹಣ ಕೇಳುವಂತಿಲ್ಲ. ಹಣ ಕೇಳುತ್ತಿದ್ದರೆ ಅದು ಪರೀಕ್ಷೆಯಲ್ಲ.

'ಅವರದ್ದೇ ಕೋಶ, ಅಪಾಯವಿಲ್ಲ' ಎಂಬ ಮಾತೂ ಪೂರ್ತಿ ನಿಜವಲ್ಲ. ಮೂಳೆ ಚುಚ್ಚುವುದು, ಮತ್ತೊಮ್ಮೆ ಹೃದಯದ ನಾಳಕ್ಕೆ ಕ್ಯಾಥೆಟರ್ ಎಂಬ ಸಣ್ಣ ನಳಿಕೆ ಹಾಕುವುದು, ಕೋಶ ಬಿಡುವಾಗ ಬಲೂನು ಉಬ್ಬಿಸಿ ರಕ್ತವನ್ನು ಕೆಲವು ನಿಮಿಷ ತಡೆಯುವುದು, ಇವೆಲ್ಲ ಈಗಷ್ಟೇ ಪೆಟ್ಟು ತಿಂದ ಹೃದಯದ ಮೇಲೆ. ಒಳ್ಳೆಯ ಪರೀಕ್ಷೆಗಳಲ್ಲಿ ಮಜ್ಜೆಯ ಕೋಶ ಬಹುಮಟ್ಟಿಗೆ ಸುರಕ್ಷಿತವೆಂದು ಕಂಡಿರುವುದು ನಿಜ, ಆದರೆ ಅಲ್ಲಿ ಕೋಶ ಶುದ್ಧಗೊಳಿಸುವ ಪ್ರಯೋಗಾಲಯವನ್ನು ಯಾರೋ ಬಂದು ತಪಾಸಣೆ ಮಾಡುತ್ತಿದ್ದರು.

ಇದಕ್ಕಿಂತ ಹೆಚ್ಚಾಗಿ ನನಗೆ ಬೇಸರ ತರುವುದು ಇನ್ನೊಂದು. ಹಿತ್ತಲು ಅಡವಿಟ್ಟವರು ಮುಂದಿನ ವರ್ಷದ ಮಾತ್ರೆ ನಿಲ್ಲಿಸುತ್ತಾರೆ. 'ಸ್ನಾಯು ಬೆಳೆಯುತ್ತಿದೆಯಲ್ಲ' ಎಂದು ತಾವಾಗಿಯೇ ಬಿಡುವವರನ್ನೂ ಕಂಡಿದ್ದೇನೆ. ಆ ಮಾತ್ರೆಗಳ ಪರೀಕ್ಷೆ ಹೇಗೆ ನಡೆದಿದೆ ನೋಡಿ: ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಅನ್ನು ಹೃದಯ ದುರ್ಬಲವಾದ 4744 ಜನರ ಮೇಲೆ, ಅರ್ಧ ಜನರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು, ಯಾರಿಗೂ ಗುಟ್ಟು ಬಿಡದೆ ನೋಡಿದರು. 2019ರ ಫಲಿತಾಂಶದಂತೆ, ಹೃದಯದ ಕಾರಣದಿಂದ ಸಾಯುವುದು ಅಥವಾ ಹೃದಯ ವೈಫಲ್ಯ ಉಲ್ಬಣಿಸುವುದು, ಔಷಧವಿಲ್ಲದವರಲ್ಲಿ ನೂರಕ್ಕೆ 21.2, ಔಷಧ ಪಡೆದವರಲ್ಲಿ 16.3. ಪುಸ್ತಿಕೆಯಲ್ಲಿ ಭಾವಚಿತ್ರ ಹಾಕಿಸುವಂಥ ಪವಾಡ ಇದಲ್ಲ. ಆದರೆ ಇದು ನಿಂತ ನೆಲ ಗಟ್ಟಿ. ಈ ಗುಂಪಿನ ಮಾತ್ರೆ ಅಣ್ಣನ ಚೀಟಿಯಲ್ಲಿದೆಯೇ ಎಂದು ಅವರ ವೈದ್ಯರನ್ನು ಕೇಳಿ.

ಕೊಟ್ಟೆ ಕಟ್ಟಿದವ:

ಹಾಗಾದರೆ ಆಕರಕೋಶದ ಆಸೆಯನ್ನು ಪೂರ್ತಿ ಬಿಡಬೇಕೇ ಅಕ್ಕೋರೇ?

ನಿವೃತ್ತ ಅಕ್ಕೋರು:

ಬಿಡಬೇಕಾಗಿಲ್ಲ, ದಾರಿ ಬದಲಾಗಿದೆ. ದೊಡ್ಡವರ ಮಜ್ಜೆಯ ಕೋಶ ತಾನಾಗಿಯೇ ಹೃದಯ ಸ್ನಾಯು ಆಗುತ್ತದೆ ಎಂಬ ನಂಬಿಕೆ ಹೋಯಿತು. ಈಗಿನವರು ಮೊದಲು ಪ್ರಯೋಗಾಲಯದಲ್ಲಿಯೇ ಮಿಡಿಯುವ ಸ್ನಾಯು ಬೆಳೆಸಿ, ಬಳಿಕ ನೆಡುತ್ತಾರೆ. ಜಪಾನಿನ ಶಿನ್ಯಾ ಯಾಮಾನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನು ಭ್ರೂಣದ ಸ್ಥಿತಿಗೆ ಮರಳಿಸುವ ವಿಧಾನ ತೋರಿಸಿದರು. 2012ರಲ್ಲಿ ನೊಬೆಲ್ ಪಡೆದರು. ಅಂಥ ಕೋಶಗಳಿಂದ ಮಾಡಿದ ಸ್ನಾಯುವಿನ ತೇಪೆಯನ್ನು ಜರ್ಮನಿಯ ಗ್ಯಾಟಿಂಗೆನ್ ತಂಡ ರೋಗಿಗಳ ಹೃದಯಕ್ಕೆ ಹೊಲಿದು ಪರೀಕ್ಷಿಸುತ್ತಿದೆ. 2025ರ ಜನವರಿಯಲ್ಲಿ ಅದರ ಮೊದಲ ವರದಿ ಬಂತು.

ತೊಡಕು ಇಲ್ಲಿಯೂ ಇದೆ. 2004ರಲ್ಲಿ ಇಲಿಯ ಫಲವನ್ನು ಅಲ್ಲಗಳೆದ ತಂಡಗಳಲ್ಲೊಂದರ ಚಾರ್ಲ್ಸ್ ಮರ್ರಿ ಅವರೇ 2014ರಲ್ಲಿ ಭ್ರೂಣದ ಆಕರಕೋಶದಿಂದ ಮಾಡಿದ ನೂರು ಕೋಟಿ ಹೃದಯಕೋಶಗಳನ್ನು ಮಂಗಗಳಿಗೆ ನೆಟ್ಟರು. ಈ ಬಾರಿ ಸ್ನಾಯು ನಿಜವಾಗಿಯೂ ಬೆಳೆಯಿತು, ಜೊತೆಗೆ ಬಡಿತದ ಲಯವೂ ತಪ್ಪಿತು. ಇವೆಲ್ಲ ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಆರೂವರೆ ಲಕ್ಷಕ್ಕೆ ಮಾರಾಟಕ್ಕಿರುವ ಸೊಂಟದ ಮಜ್ಜೆಗೂ ಇವಕ್ಕೂ ಏನೂ ಸಂಬಂಧವಿಲ್ಲ ಎಂಬುದನ್ನು ತಮ್ಮ ಗಮನಿಸಬೇಕು. ಪುಸ್ತಿಕೆಗಳಲ್ಲಿ ಆ ನೊಬೆಲ್ ಹೆಸರನ್ನು ಇದಕ್ಕೆ ಅಂಟಿಸುವುದುಂಟು.

ಅಘನಾಶಿನಿ ದಂಡೆ:

ಅಂಟಿಸಿದ್ದಾರೆ, ನಾಲ್ಕನೇ ಪುಟದಲ್ಲಿ. ನಾಳೆ ಫೋನು ಮಾಡಿ ನೋಂದಣಿ ಸಂಖ್ಯೆ ಕೇಳುತ್ತೇನೆ.

ಅಘನಾಶಿನಿ ದಂಡೆ (ಎರಡೂವರೆ ತಿಂಗಳ ನಂತರ):

ಉತ್ತರ ಕೊಟ್ಟವರಿಗೆಲ್ಲ ವಿಷಯ ತಿಳಿಸದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಸಂಖ್ಯೆ ಕೇಳಿದ ದಿನ 'ಮೇಲಿನವರನ್ನು ವಿಚಾರಿಸಿ ಹೇಳುತ್ತೇವೆ' ಎಂದರು. ಮರುದಿನ ಎರಡು ಲಕ್ಷ ಕಡಿಮೆ ಮಾಡುತ್ತೇವೆ ಎಂದರು. ಸಂಖ್ಯೆ ಬರಲೇ ಇಲ್ಲ. ಅಣ್ಣನ ಮಗನಿಗೆ ಈ ಚರ್ಚೆಯನ್ನೆಲ್ಲ ಓದಿಸಿದೆ. ಅವನಿಗೆ ನಾಟಿದ್ದು ಜರ್ಮನಿಯೂ ಅಲ್ಲ, ಲಂಡನ್ನೂ ಅಲ್ಲ, ಕೊಳೆರೋಗದ ಲೆಕ್ಕ. ಹಿತ್ತಲು ಉಳಿಯಿತು.

ವೈದ್ಯರನ್ನು ಕೇಳಿದೆವು. ಸಿಸ್ಟರ್ ಹೇಳಿದ ಗುಂಪಿನ ಮಾತ್ರೆ ಚೀಟಿಯಲ್ಲಿ ಇರಲಿಲ್ಲ, ಈಗ ಸೇರಿಸಿದ್ದಾರೆ. ಒಣಮೀನು ಬಿಡಿಸುವುದೇ ದೊಡ್ಡ ಯುದ್ಧವಾಯಿತು. ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾನೆ.

ಮೊನ್ನೆ, ಸ್ಟೆಂಟ್ ಹಾಕಿ ಮೂರು ತಿಂಗಳು ತುಂಬಿದ ಮೇಲೆ, ಮತ್ತೆ ಎಕೋ ಮಾಡಿಸಿದೆವು. 34 ಇದ್ದದ್ದು 43 ಬಂದಿದೆ. ಯಾವ ಕೋಶವನ್ನೂ ಬಿಡಿಸಿಲ್ಲ.

ಬಾಳೆಕೊನೆ:

ನಮ್ಮ ಭಾವನದ್ದು 42.

ಕಾಳಿ ಸಂಗಮ:

ಬಹಳ ಸಂತೋಷವಾಯಿತು. ಆದರೆ ಕೇಳದೆ ಇರಲಾರೆ: ಅದೇ ಯಂತ್ರವೇ, ಅಳೆದವರೂ ಅವರೇ?

ಅಘನಾಶಿನಿ ದಂಡೆ:

ಯಂತ್ರ ಅದೇ, ಸಿಸ್ಟರ್. ಅಳೆದವರು ಬೇರೆ.